ಎರಡು ಸಂಪಾಜೆಗಳ ನಡುವಿನ ಗೆರೆ

ಸಂಪಾಜೆ ಅನ್ನುವ ಹೆಸರಿನ ಊರು ಒಂದಲ್ಲ, ಎರಡು. ಮಡಿಕೇರಿಯಿಂದ ಮಂಗಳೂರಿನ ಕಡೆಗೆ ಘಟ್ಟ ಇಳಿದರೆ ಮೊದಲು ಸಿಗುವುದು ಕೊಡಗು ಸಂಪಾಜೆ. ಅಲ್ಲಿಂದ ಸ್ವಲ್ಪ ಮುಂದೆ ಬಂದರೆ ದಕ್ಷಿಣ ಕನ್ನಡದ ಸಂಪಾಜೆ. ಎರಡಕ್ಕೂ ಬೇರೆ ಬೇರೆ ಪಂಚಾಯ್ತಿ, ಬೇರೆ ಬೇರೆ ತಾಲೂಕು, ಬೇರೆ ಬೇರೆ ಜಿಲ್ಲೆ. ಆದರೆ ಸುರಿಯುವ ಮಳೆ ಒಂದೇ, ಪಕ್ಕದಲ್ಲಿ ಹರಿಯುವ ಪಯಸ್ವಿನಿ ಒಂದೇ, ಅಡಿಕೆ ತೋಟಗಳೂ ಒಂದೇ ಥರ. ಎರಡೂ ಕಡೆಯ ಗೌಡರ ಮನೆಗಳಲ್ಲಿ ಆಡುವ ಅರೆಭಾಷೆಯೂ ಒಂದೇ. ಹಾಗಾದರೆ ಮಧ್ಯದಲ್ಲಿ ಈ ಗೆರೆ ಎಲ್ಲಿಂದ ಬಂತು? ಯಾರು ಎಳೆದರು?

ನನ್ನೂರು ಸುಳ್ಯದ ಕಡೆ. ನಮ್ಮಲ್ಲಿ ಕೊಡಗಿಗೆ ಹೋಗುವುದನ್ನು "ಘಟ್ಟಕ್ಕೆ ಹೋಗುವುದು" ಅನ್ನುತ್ತಾರೆ. ಘಟ್ಟದ ಮೇಲೆ ನೆಂಟರಿಲ್ಲದ ಮನೆ ನಮ್ಮ ಕಡೆ ಕಡಿಮೆ. ಇನ್ನು ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ಕೊಡಗು ಅಂದ್ರೆ ವೀಕೆಂಡು, ಹೋಂಸ್ಟೇ, ಅಬ್ಬಿ ಫಾಲ್ಸು, ದುಬಾರೆ ಆನೆ, ಪಂದಿ ಕರಿ... ಅಷ್ಟೇ. ಅದೇನೂ ತಪ್ಪಲ್ಲ ಬಿಡಿ. ಆದರೆ ಆ ಬೆಟ್ಟಗಳ ಅಂಚಿನಲ್ಲಿ ಗೆರೆ ಎಷ್ಟು ಸಲ ಸರಿದಿದೆ, ಸರಿದಾಗಲೆಲ್ಲ ಯಾರ ಬದುಕು ಏರುಪೇರಾಗಿದೆ ಅನ್ನುವ ಕತೆ ಫೋಟೋಗಳಲ್ಲಿ ಸಿಗುವುದಿಲ್ಲ. ಅದನ್ನು ಒಂದು ಕಡೆ ಬರೆದಿಡೋಣ ಅಂತ ಈ ಲೇಖನ. ಸ್ವಲ್ಪ ಉದ್ದ ಇದೆ, ಕಾಫಿ ತಂದಿಟ್ಟುಕೊಂಡು ಓದಿ :)

ಮೊದಲು ನೆಲದ ವಿಷಯ. ಕೊಡಗು ದೊಡ್ಡ ಜಿಲ್ಲೆಯಲ್ಲ. ವಿಸ್ತೀರ್ಣ 4,102 ಚದರ ಕಿ.ಮೀ., 2011ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು ಐದೂವರೆ ಲಕ್ಷ. ಬೆಂಗಳೂರಿನ ನಾಲ್ಕೈದು ಬಡಾವಣೆ ಸೇರಿಸಿದರೆ ಇದಕ್ಕಿಂತ ಹೆಚ್ಚು ಜನ ಸಿಕ್ಕಾರು. ಪಶ್ಚಿಮಕ್ಕೆ ಸಹ್ಯಾದ್ರಿಯ ಗೋಡೆ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಇಲ್ಲಿನ ಅತಿ ಎತ್ತರದ ಶಿಖರ. ಉತ್ತರದಲ್ಲಿ ಪುಷ್ಪಗಿರಿ, ದಕ್ಷಿಣದಲ್ಲಿ ಬ್ರಹ್ಮಗಿರಿ. ತಲಕಾವೇರಿಯಲ್ಲಿ ಹುಟ್ಟುವ ಕಾವೇರಿ ಪೂರ್ವಕ್ಕೆ ತಿರುಗಿ ಕುಶಾಲನಗರದ ಹತ್ತಿರ ಬಯಲಿಗಿಳಿಯುತ್ತಾಳೆ. ಅದೇ ಬೆಟ್ಟಸಾಲಿನ ಇನ್ನೊಂದು ಬದಿಗೆ ಬಿದ್ದ ನೀರು ಪಶ್ಚಿಮಕ್ಕೆ ಓಡುತ್ತದೆ. ಪಯಸ್ವಿನಿ ಸುಳ್ಯ ದಾಟಿ ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಸಮುದ್ರ ಸೇರಿದರೆ, ಬಾರಪೊಳೆ ಕಣ್ಣೂರು ಜಿಲ್ಲೆಗೆ ಇಳಿಯುತ್ತದೆ. ಒಂದೇ ಬೆಟ್ಟದ ಮೇಲೆ ಬಿದ್ದ ಎರಡು ಹನಿಗಳಲ್ಲಿ ಒಂದು ಬಂಗಾಳ ಕೊಲ್ಲಿಗೆ, ಇನ್ನೊಂದು ಅರಬ್ಬೀ ಸಮುದ್ರಕ್ಕೆ.

ಹೊರಗಿನವರಿಗೆ ಈ ಗೋಡೆ ತಡೆ. ಇಲ್ಲಿನವರಿಗೆ ಹಾಗಲ್ಲ, ಅವರಿಗೆ ದಾರಿಗಳು ಗೊತ್ತಿದ್ದವು. ಸಂಪಾಜೆ ದಾರಿ ಕರಾವಳಿಗೆ, ಮಾಕುಟ್ಟದ ದಾರಿ ಇರಿಟ್ಟಿ-ಕಣ್ಣೂರಿಗೆ, ಕುಟ್ಟದ ದಾರಿ ವಯನಾಡಿಗೆ, ಕರಿಕೆಯ ದಾರಿ ಪಾಣತ್ತೂರಿಗೆ. ಉಪ್ಪು, ಒಣಮೀನು, ತೆಂಗಿನಕಾಯಿ ಮೇಲೆ ಬಂದವು. ಅಕ್ಕಿ, ಏಲಕ್ಕಿ ಕೆಳಗೆ ಹೋದವು. ಕಣ್ಣೂರು ಜಿಲ್ಲೆಯ ಬೈತೂರಿನ ದೇವರಿಗೆ ಕೊಡಗಿನಿಂದ ಎತ್ತಿನ ಮೇಲೆ ಅಕ್ಕಿ ಹೇರಿಕೊಂಡು ಹೋಗುವ ಹರಕೆ ಇಂದಿಗೂ ಇದೆ. ಗಡಿಯಾಚೆ ಈಗ ಬೇರೆ ರಾಜ್ಯ, ಬೇರೆ ಭಾಷೆ. ದೇವರು ಮಾತ್ರ ಅದೇ.

ಒಳಗಿನ ಗಡಿಗಳೂ ಇದ್ದವು. ಮೂವತ್ತೈದು ನಾಡು, ಹನ್ನೆರಡು ಕೊಂಬು ಅಂತ ಹಳಬರು ಹೇಳುತ್ತಾರಲ್ಲ, ಆ ನಾಡುಗಳ ನಡುವೆ ಕಡಂಗಗಳನ್ನು ತೋಡಿದ್ದರು. ಕಡಂಗ ಅಂದರೆ ಆಳವಾದ ಕಂದಕ, ಪಕ್ಕದಲ್ಲಿ ಅದೇ ಮಣ್ಣಿನ ದಿಬ್ಬ. ಬೆಟ್ಟ ಹತ್ತಿ ಇಳಿದು ಮೈಲಿಗಟ್ಟಲೆ ಹೋಗುತ್ತವೆ. ಕಾಫಿ ತೋಟಗಳ ನಡುವೆ ಇವತ್ತಿಗೂ ಕಾಣಸಿಗುತ್ತವೆ, ಕಡಂಗ ಅಂತಲೇ ಊರಿನ ಹೆಸರೂ ಇದೆ. ಅವು ಅಲ್ಲಿನ ಜನರೇ ತೋಡಿದ ಗಡಿಗಳು. ಯಾಕೆ ತೋಡಿದ್ದು ಅಂತ ಅವರಿಗೆ ಗೊತ್ತಿತ್ತು.

ಜನರ ವಿಷಯಕ್ಕೆ ಬಂದರೆ ಕೊಡಗು ಅಂದರೆ ಕೊಡವರು ಅಂತ ಎಷ್ಟೋ ಜನ ತಿಳಿದಿದ್ದಾರೆ. ಕೊಡವರು ಆ ನಾಡಿನ ಮುಖ್ಯ ಜನ ನಿಜ. ಒಕ್ಕ, ಐನ್‌ಮನೆ, ಕೈಲ್‌ಪೊಳ್ದ್, ಪುತ್ತರಿ, ಕಾವೇರಿ ಸಂಕ್ರಮಣ ಎಲ್ಲ ಸೇರಿ ಅವರದ್ದೇ ಒಂದು ಲೋಕ. ಆದರೆ ಅವರ ಜೊತೆಗೆ ಹೆಗ್ಗಡೆಯವರು, ಐರಿಗಳು, ಅಮ್ಮ ಕೊಡವರು ಇದ್ದಾರೆ. ಮಡಿಕೇರಿಯ ಆಸುಪಾಸಿನಿಂದ ಸುಳ್ಯದವರೆಗೆ ಅರೆಭಾಷೆ ಗೌಡರಿದ್ದಾರೆ. ಸೋಮವಾರಪೇಟೆ, ಶನಿವಾರಸಂತೆಯ ಕಡೆ ಕನ್ನಡ ಮಾತಾಡುವ ಲಿಂಗಾಯತರು, ಒಕ್ಕಲಿಗರು. ವಿರಾಜಪೇಟೆಯ ಕಡೆ ಮಾಪಿಳ್ಳೆಗಳು. ನಾಗರಹೊಳೆಯ ಅಂಚಿನಲ್ಲಿ ಜೇನು ಕುರುಬರು, ಬೆಟ್ಟ ಕುರುಬರು, ಎರವರು. 2011ರ ಗಣತಿಯಲ್ಲಿ ಕೊಡವ ತಕ್ಕನ್ನು ಮಾತೃಭಾಷೆ ಎಂದು ಬರೆಸಿದವರು ಸುಮಾರು 1.14 ಲಕ್ಷ ಮಂದಿ ಮಾತ್ರ, ಅದೂ ಇಡೀ ದೇಶದಲ್ಲಿ. ಐದೂವರೆ ಲಕ್ಷ ಜನರ ಜಿಲ್ಲೆಯಲ್ಲಿ ಯಾರೊಬ್ಬರೂ ಪೂರ್ತಿ ಬಹುಮತದಲ್ಲಿಲ್ಲ.

ಇಂಥ ನಾಡನ್ನು ಸುಮಾರು 1600ರಿಂದ 1834ರವರೆಗೆ ಆಳಿದವರು ಹಾಲೇರಿ ಅರಸರು. ಅವರು ಕೊಡವರಲ್ಲ, ಲಿಂಗಾಯತರು. ಕೆಳದಿ-ಇಕ್ಕೇರಿಯ ಅರಸು ಮನೆತನದ ಸಂಬಂಧಿಗಳು ಅಂತ ಪ್ರತೀತಿ. 1681ರಲ್ಲಿ ಮುದ್ದುರಾಜ ರಾಜಧಾನಿಯನ್ನು ಹಾಲೇರಿಯಿಂದ ಮಡಿಕೇರಿಗೆ ತಂದ. ಆಡಳಿತ ನಡೆದದ್ದು ಕನ್ನಡದಲ್ಲಿ. ದೊಡ್ಡವೀರರಾಜೇಂದ್ರನ ಕಾಲದ 'ರಾಜೇಂದ್ರನಾಮೆ', ಲಿಂಗರಾಜೇಂದ್ರನ 'ಹುಕುಂನಾಮೆ' ಎರಡೂ ಕನ್ನಡದವೇ.

ನಮ್ಮ ಕತೆಗೆ ಮುಖ್ಯವಾದ ವಿಷಯ ಏನಪ್ಪಾ ಅಂದ್ರೆ, ಈ ಅರಸರ ರಾಜ್ಯ ಘಟ್ಟದ ಅಂಚಿಗೆ ನಿಲ್ಲಲಿಲ್ಲ. ಘಟ್ಟದ ಕೆಳಗಿನ ಅಮರ ಸುಳ್ಯ ಸೀಮೆ ಅವರ ಕೈಯಲ್ಲಿತ್ತು. ಟಿಪ್ಪುವಿನ ವಿರುದ್ಧ ದೊಡ್ಡವೀರರಾಜೇಂದ್ರ ಕಂಪನಿಯ ಜೊತೆ ನಿಂತಿದ್ದ. ಆ ನೆರವಿನ ಲೆಕ್ಕದಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪಂಜ, ಬೆಳ್ಳಾರೆಯ ಸೀಮೆಗಳೂ ಕೊಡಗಿಗೆ ಸೇರಿದವು. ಅಂದರೆ ಸುಳ್ಯ, ಬೆಳ್ಳಾರೆಯ ರೈತ ಕಂದಾಯ ಕಟ್ಟುತ್ತಿದ್ದದ್ದು ಮಡಿಕೇರಿಯ ಅರಸನಿಗೆ. ಮೈಸೂರಿನ ಜೊತೆಗಿನ ಯುದ್ಧಗಳಲ್ಲಿ ಬರಿದಾದ ಹಳ್ಳಿಗಳನ್ನು ತುಂಬಲು ಅರಸರು ಘಟ್ಟದ ಕೆಳಗಿನಿಂದ ಗೌಡ ಕುಟುಂಬಗಳನ್ನು ಕರೆಸಿ ಜಮೀನು ಕೊಟ್ಟರು ಅಂತ ಇತಿಹಾಸಕಾರರು ಬರೆಯುತ್ತಾರೆ. ನಮ್ಮ ಕಡೆಯವರಿಗೆ ಘಟ್ಟದ ಮೇಲೆ ಇಷ್ಟೊಂದು ನೆಂಟರು ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲಿದೆ.

1834ಕ್ಕೆ ಬರೋಣ. ಕೊನೆಯ ಅರಸ ಚಿಕವೀರರಾಜೇಂದ್ರ. ಮಾಸ್ತಿಯವರ ಕಾದಂಬರಿಯಿಂದಾಗಿ ಕನ್ನಡಿಗರಿಗೆಲ್ಲ ಪರಿಚಿತ ಹೆಸರು. ಅರಸ ಕ್ರೂರಿ, ಪ್ರಜೆಗಳನ್ನು ಹಿಂಸಿಸುತ್ತಾನೆ ಎಂಬ ಕಾರಣ ಮುಂದಿಟ್ಟು ಕಂಪನಿ ಹಲವು ದಿಕ್ಕಿನಿಂದ ಸೇನೆ ನುಗ್ಗಿಸಿತು. ಉತ್ತರದ ಕಡೆಯಿಂದ ಬಂದ ತುಕಡಿಗೆ ಒಳ್ಳೆಯ ಪೆಟ್ಟೇ ಬಿತ್ತು. ಆದರೆ ದಿವಾನ ಅಪ್ಪಾರಂಡ ಬೋಪು ಕರ್ನಲ್ ಫ್ರೇಸರನ ಪಡೆಯನ್ನು ಎದುರುಗೊಂಡು ಮಡಿಕೇರಿಗೆ ಕರೆತಂದ. ಏಪ್ರಿಲ್‌ನಲ್ಲಿ ಅರಸ ಶರಣಾದ. ಅವನನ್ನು ಕಾಶಿಗೆ ಕಳಿಸಿದರು. ಮುಂದೆ 1852ರಲ್ಲಿ ಆತ ಮಗಳು ಗೌರಮ್ಮನ ಜೊತೆ ಇಂಗ್ಲೆಂಡಿಗೆ ಹೋದ. ಗೌರಮ್ಮ ಅಲ್ಲಿ ಕ್ರೈಸ್ತಳಾದಳು, ವಿಕ್ಟೋರಿಯಾ ರಾಣಿಯೇ ಅವಳ ಧರ್ಮಮಾತೆ. 1859ರಲ್ಲಿ ಅರಸ ಲಂಡನ್ನಿನಲ್ಲೇ ತೀರಿಕೊಂಡ. ಅದೇ ಒಂದು ಬೇರೆ ಕತೆ, ಇನ್ನೊಮ್ಮೆ ಯಾವಾಗಲಾದರೂ.

ಕೊಡಗನ್ನು ವಶಪಡಿಸಿಕೊಂಡಾಗ ಕಂಪನಿ ಹೊರಡಿಸಿದ ಪ್ರಕಟಣೆಯಲ್ಲಿ, ಇದು ಜನರ ಒಮ್ಮತದ ಇಚ್ಛೆ ಎಂಬರ್ಥದ ಮಾತಿದೆ. ಇರಬಹುದೇನೋ. ಆದರೆ ಅದರ ಬೆನ್ನಿಗೇ ಮಾಡಿದ ಇನ್ನೊಂದು ಕೆಲಸಕ್ಕೆ ಯಾರ ಇಚ್ಛೆಯನ್ನೂ ಕೇಳಿದಂತಿಲ್ಲ. ಘಟ್ಟದ ಮೇಲಿನ ಕೊಡಗನ್ನು ಒಂದು ಪ್ರತ್ಯೇಕ ಪ್ರಾಂತ್ಯವಾಗಿ ಉಳಿಸಿಕೊಂಡು, ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಕಡೆಯ ಭಾಗಗಳನ್ನು ಕತ್ತರಿಸಿ ಮದ್ರಾಸ್ ಪ್ರೆಸಿಡೆನ್ಸಿಯ ಕೆನರಾ ಜಿಲ್ಲೆಗೆ ಸೇರಿಸಿಬಿಟ್ಟರು. ನಕಾಶೆ ನೋಡಿದರೆ ಇದು ಬಹಳ ತರ್ಕಬದ್ಧ. ಬೆಟ್ಟದ ಮೇಲಿನದು ಒಂದು, ಬೆಟ್ಟದ ಕೆಳಗಿನದು ಇನ್ನೊಂದು. ಇಂಜಿನಿಯರಿಗೆ ಕೊಟ್ಟರೂ ಬಹುಶಃ ಹೀಗೇ ಗೆರೆ ಎಳೆಯುತ್ತಿದ್ದ. ಎರಡು ಸಂಪಾಜೆಗಳ ನಡುವಿನ ಗೆರೆಗೆ ಮೂಲ ಇದೇ.

ಗೆರೆ ಬಿದ್ದರೆ ರೈತನಿಗೇನು? ಅಂತ ಕೇಳಬಹುದು. ಅವನಿಗೇ ಎಲ್ಲ. ಅರಸರ ಕಾಲದಲ್ಲಿ ಅಲ್ಲಿನ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಕಟ್ಟುತ್ತಿದ್ದರು. ಬೆಳೆದ ಭತ್ತದಲ್ಲೇ ಇಷ್ಟು ಅಂತ ಅಳೆದು ಕೊಟ್ಟರೆ ಮುಗಿಯಿತು. ಕೆನರಾಕ್ಕೆ ಸೇರಿದ ಮೇಲೆ ಕಂಪನಿ ಹೇಳಿತು, ಇನ್ನು ಮುಂದೆ ದುಡ್ಡು ಕಟ್ಟಿ. ಕಾಡಿನ ಮಧ್ಯೆ ಗದ್ದೆ ಮಾಡಿಕೊಂಡಿದ್ದವನ ಕೈಯಲ್ಲಿ ನಾಣ್ಯ ಎಲ್ಲಿಂದ ಬರಬೇಕು? ಕುಯ್ಲಿನ ಹೊತ್ತಿಗೆ ಎಲ್ಲರೂ ಒಟ್ಟಿಗೇ ಮಾರಲು ಹೊರಟರೆ ಬೆಲೆ ಇಳಿಯುತ್ತದೆ, ಸಾಹುಕಾರನ ಹತ್ತಿರ ಸಾಲ ಎತ್ತಬೇಕು, ಮರುವರ್ಷ ಅಸಲಿಗೆ ಬಡ್ಡಿ ಸೇರುತ್ತದೆ. ಕಂದಾಯದ ದರ ಅಷ್ಟೇ ಇದ್ದರೂ ಕಟ್ಟುವ ರೀತಿ ಬದಲಾದರೆ ಸಾಕು, ಮನೆ ಮುಳುಗುತ್ತದೆ.

ಮೂರು ವರ್ಷದಲ್ಲಿ ಬೆಂಕಿ ಹತ್ತಿಕೊಂಡಿತು. 1837ರ ಮಾರ್ಚ್ ಕೊನೆಯ ಹೊತ್ತಿಗೆ ಸುಳ್ಯದ ಕಡೆ ಜನ ಸೇರಿದರು. ಕೊಡಗಿನ ಅರಸು ಮನೆತನದ ಕಲ್ಯಾಣಸ್ವಾಮಿ ಬಂದಿದ್ದಾನೆ, ರಾಜ್ಯ ಮತ್ತೆ ಕಟ್ಟುತ್ತೇವೆ ಅಂತ ಸುದ್ದಿ. ಆ ಹೆಸರಿನಲ್ಲಿ ಮುಂದೆ ನಿಂತವನು ಶನಿವಾರಸಂತೆ ಕಡೆಯ ಪುಟ್ಟಬಸಪ್ಪ. ಘಟ್ಟದ ಕೆಳಗಿನ ಕೆದಂಬಾಡಿ ರಾಮಯ್ಯ ಗೌಡ, ಘಟ್ಟದ ಮೇಲಿನ ಸುಬೇದಾರ ಗುಡ್ಡೆಮನೆ ಅಪ್ಪಯ್ಯ ಗೌಡ ಇವರೆಲ್ಲ ನಾಯಕರು. ಬೆಳ್ಳಾರೆಯ ಖಜಾನೆ ಕೈಗೆ ಬಂತು. ಅಲ್ಲಿಂದ ಪುತ್ತೂರು, ಅಲ್ಲಿಂದ ಬಂಟ್ವಾಳದ ದಾರಿ ಹಿಡಿದು ಏಪ್ರಿಲ್ 5ಕ್ಕೆ ಮಂಗಳೂರು! ಕಂಪನಿಯ ಅಧಿಕಾರಿಗಳು ಹಡಗು ಹತ್ತಿದರು. ಹದಿಮೂರು ದಿನ ಮಂಗಳೂರು ರೈತರ ಕೈಯಲ್ಲಿತ್ತು. ಅವರು ಬಾವುಟ ಹಾರಿಸಿದ ಗುಡ್ಡಕ್ಕೆ ಇಂದಿಗೂ ಬಾವುಟಗುಡ್ಡ ಅಂತಲೇ ಹೆಸರು.

1857ರ ದಂಗೆಗೆ ಇಪ್ಪತ್ತು ವರ್ಷ ಮೊದಲು ಅನ್ನುವುದನ್ನು ನೆನಪಿಡಿ. ನಮ್ಮ ಶಾಲೆಯ ಪಠ್ಯದಲ್ಲಿ ಮೀರತ್ ಇತ್ತು, ಮಂಗಲ ಪಾಂಡೆ ಇದ್ದ. ಬೆಳ್ಳಾರೆ ಇರಲಿಲ್ಲ.

ಹದಿಮೂರು ದಿನದ ಮೇಲೆ ಕಂಪನಿ ಕಣ್ಣೂರು, ತಲಶ್ಶೇರಿಯ ಕಡೆಯಿಂದ ಪಡೆ ತರಿಸಿತು. ಘಟ್ಟದ ಮೇಲಿನಿಂದ ದಿವಾನ ಬೋಪು ಕೊಡವರ ಪಡೆ ಕಟ್ಟಿಕೊಂಡು ಕಂಪನಿಯ ಪರವಾಗಿ ಇಳಿದ. ದಂಗೆ ಮುರಿಯಿತು. ಪುಟ್ಟಬಸಪ್ಪ ಮತ್ತು ಜೊತೆಯವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. 1837ರ ಅಕ್ಟೋಬರ್ 31ರಂದು ಅಪ್ಪಯ್ಯ ಗೌಡನನ್ನು ಮಡಿಕೇರಿ ಕೋಟೆಯಲ್ಲಿ ನೇಣಿಗೆ ಹಾಕಿದರು. ಕಂಪನಿಗೆ ನಿಷ್ಠರಾಗಿ ನಿಂತವರಿಗೆ ಪದಕ ಕೊಟ್ಟರು. ಆ ಪದಕದ ಮೇಲೆ ಕೋವಿ, ಕತ್ತಿ ಹಿಡಿದ ಕೊಡವ ವೀರನ ಚಿತ್ರ ಇದೆ, ಕನ್ನಡದ ಬರಹವೂ ಇದೆ. ದಂಗೆ ಎದ್ದವರ ಭಾಷೆಯಲ್ಲೂ, ದಂಗೆ ಅಡಗಿಸಿದವರ ಪದಕದಲ್ಲೂ ಕನ್ನಡವೇ. ಇತಿಹಾಸ ನಮಗೆ ಬೇಕಾದ ಹಾಗೆ ನೀಟಾಗಿ ಕೂರುವುದಿಲ್ಲ ನೋಡಿ.

ಈಗ ಒಂದು ವಿಷಯ ಗಮನಿಸಿ. ಒಂದೇ ಘಟನೆಗೆ ಗೆರೆಯ ಎರಡೂ ಬದಿಯಲ್ಲಿ ಬೇರೆ ಬೇರೆ ಹೆಸರು. ಮಂಗಳೂರಿನ ಕಡೆ ಅದು "ಕಲ್ಯಾಣಪ್ಪನ ಕಾಟಕಾಯಿ", ಲೂಟಿ-ದಾಂಧಲೆಯ ಧ್ವನಿ ಇರುವ ಹೆಸರು. ಪೇಟೆಯವರಿಗೆ ಹಳ್ಳಿಯಿಂದ ಬಂದ ಗುಂಪು ಹಾಗೇ ಕಂಡಿದ್ದರೆ ಆಶ್ಚರ್ಯವಿಲ್ಲ. ಸುಳ್ಯದವರಿಗೆ ಅದು ಅಮರ ಸುಳ್ಯದ ರೈತ ಹೋರಾಟ. ಕೊಡಗಿನ ಕೆಲವು ಮನೆತನಗಳಿಗೆ ಅದು ಜಹಗೀರು, ಪದಕ ತಂದುಕೊಟ್ಟ ಯುದ್ಧ. ಇನ್ನು ಕೆಲವಕ್ಕೆ ಮನೆಯ ಗಂಡಸು ನೇಣಿಗೆ ಹೋದ ವರ್ಷ. ನಿರಂಜನರು 'ಕಲ್ಯಾಣಸ್ವಾಮಿ' ಅನ್ನುವ ಕಾದಂಬರಿಯನ್ನೇ ಬರೆದರು. ಮಡಿಕೇರಿಯಲ್ಲಿ ಅಪ್ಪಯ್ಯ ಗೌಡನ ಪ್ರತಿಮೆ ಇದೆ. 2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡದಲ್ಲಿ ರಾಮಯ್ಯ ಗೌಡನ ಪ್ರತಿಮೆ ನಿಂತಿತು, ಅಂದರೆ 185 ವರ್ಷ ಬೇಕಾಯಿತು! ಇದರಲ್ಲಿ ಕೊಡವರು ದ್ರೋಹಿಗಳು, ಗೌಡರು ವೀರರು ಅಂತ ಜಾತಿ ಲೆಕ್ಕ ಹಾಕುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಘಟ್ಟದ ಮೇಲೆ ಅರಸನ ಕಾಟ ಕಂಡವನಿಗೆ ಕಂಪನಿ ಬಿಡುಗಡೆಯಾಗಿ ಕಂಡಿರಬಹುದು. ಘಟ್ಟದ ಕೆಳಗೆ ಕಂಪನಿಯ ಕಂದಾಯ ಕಂಡವನಿಗೆ ಅರಸನೇ ವಾಸಿ ಅನ್ನಿಸಿರಬಹುದು. ಮೂರೇ ವರ್ಷದ ಹಿಂದೆ ಇಬ್ಬರೂ ಒಂದೇ ರಾಜ್ಯದ ಪ್ರಜೆಗಳು. ಅವರನ್ನು ಎದುರುಬದುರು ನಿಲ್ಲಿಸಿದ್ದರಲ್ಲಿ ಆ ಗೆರೆಯ ಪಾಲು ದೊಡ್ಡದು.

ಇದಾದ ಮೇಲೆ ಘಟ್ಟದ ಮೇಲಿನ ಕೊಡಗು ಬೇರೆಯದೇ ದಾರಿ ಹಿಡಿಯಿತು. 1850ರ ದಶಕದಿಂದ ಬ್ರಿಟಿಷರ ಕಾಫಿ ತೋಟಗಳು ಬಂದವು. ಇವತ್ತು ದೇಶದ ಕಾಫಿಯ ಸುಮಾರು ಮೂರನೇ ಒಂದು ಪಾಲು ಬೆಳೆಯುವುದು ಈ ಪುಟ್ಟ ಜಿಲ್ಲೆಯಲ್ಲೇ. ತೋಟಕ್ಕೆ ಕೆಲಸದವರು ಬೇಕಾಗಿ ಮಲಬಾರಿನಿಂದಲೂ ಮೈಸೂರಿನಿಂದಲೂ ಜನ ಬಂದರು. ಬಂದೂಕಿನ ಲೈಸೆನ್ಸಿನಿಂದ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಸಿಕ್ಕ ವಿನಾಯ್ತಿಯೂ ಬ್ರಿಟಿಷರ ಕಾಲದ್ದೇ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೊಡಗಿಗೆ ತನ್ನದೇ ಚೀಫ್ ಕಮಿಷನರ್, ತನ್ನದೇ ಆಡಳಿತ. ಪಕ್ಕದ ಸುಳ್ಯ ಮಾತ್ರ ದೂರದ ಮದ್ರಾಸಿನ ಕಡೆ ಮುಖ ಮಾಡಿ ಕೂತಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಕೊಡಗು ಒಂದು ರಾಜ್ಯವೇ ಆಯಿತು! ಹೌದು, ಸಿ ದರ್ಜೆಯ ರಾಜ್ಯ. 1951ರಲ್ಲಿ ಅದರ ಜನಸಂಖ್ಯೆ ಸುಮಾರು 2.3 ಲಕ್ಷ. 1952ರ ಚುನಾವಣೆಯಲ್ಲಿ 24 ಸೀಟಿನ ವಿಧಾನಸಭೆಗೆ ಕಾಂಗ್ರೆಸ್ಸಿನ 15 ಮಂದಿ, ಪಕ್ಷೇತರರು 9 ಮಂದಿ ಗೆದ್ದರು. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಮಂತ್ರಿಮಂಡಲದಲ್ಲಿ ಅವರನ್ನೂ ಸೇರಿಸಿ ಇಬ್ಬರೇ. (ಪೂಣಚ್ಚನವರು ಮುಂದೆ ಕೇಂದ್ರದ ರೈಲ್ವೆ ಮಂತ್ರಿಯೂ ಆದರು. ಕೊಡಗಿಗೆ ಮಾತ್ರ ಇಂದಿಗೂ ರೈಲಿಲ್ಲ!) ಮೈಸೂರಿನ ಜೊತೆ ವಿಲೀನ ಆಗಬೇಕೋ ಬೇಡವೋ ಅನ್ನುವುದೇ ಆಗಿನ ದೊಡ್ಡ ಚರ್ಚೆ. ಕೊಡಗಿನ ಗಾಂಧಿ ಅಂತ ಹೆಸರಾಗಿದ್ದ ಪಂದ್ಯಂಡ ಬೆಳ್ಯಪ್ಪನವರು ವಿಲೀನಕ್ಕೆ ವಿರುದ್ಧ ನಿಂತಿದ್ದರು. ದೊಡ್ಡ ರಾಜ್ಯದಲ್ಲಿ ಸಣ್ಣ ನಾಡಿನ ದನಿ ಕೇಳುವುದಿಲ್ಲ ಅನ್ನುವ ಆತಂಕ. 1956ರ ನವೆಂಬರ್ 1ರಂದು ವಿಲೀನ ಆಗಿಯೇ ಹೋಯಿತು. ಆ ಆತಂಕ ಪೂರ್ತಿ ಹೋಗಿಲ್ಲ ಅನ್ನುವುದು ಕೊಡಗಿನ ಗೆಳೆಯರೊಂದಿಗೆ ಹತ್ತು ನಿಮಿಷ ಮಾತಾಡಿದರೆ ಗೊತ್ತಾಗುತ್ತದೆ.

1956ರ ಆ ದಿನ ಗೆರೆಗಳು ಮತ್ತೆ ಸರಿದವು. ಮದ್ರಾಸಿನಲ್ಲಿದ್ದ ಸುಳ್ಯ-ಪುತ್ತೂರು, ಪ್ರತ್ಯೇಕವಾಗಿದ್ದ ಕೊಡಗು ಎರಡೂ ಒಂದೇ ರಾಜ್ಯಕ್ಕೆ ಬಂದವು. 122 ವರ್ಷಗಳ ಮೇಲೆ ಎರಡು ಸಂಪಾಜೆಗಳಿಗೆ ಒಂದೇ ಸರ್ಕಾರ. ಆದರೆ ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ಭಾಗಮಂಡಲದಿಂದ ಘಟ್ಟ ಇಳಿದರೆ ಸಿಗುವ ಕರಿಕೆ ಕರ್ನಾಟಕದಲ್ಲಿ ಉಳಿಯಿತು, ಅದರ ಪಕ್ಕದ ಪಾಣತ್ತೂರು ಕೇರಳವಾಯಿತು. ಒಂದು ಕಡೆ ಗೆರೆ ತೆಳುವಾಯಿತು, ಇನ್ನೊಂದು ಕಡೆ ದಪ್ಪವಾಯಿತು.

ದಕ್ಷಿಣದ ಅಂಚಿನಲ್ಲಿ ಇದರ ಪೆಟ್ಟು ತಿಂದವರ ಕತೆ ಯಾರೂ ಜಾಸ್ತಿ ಹೇಳುವುದಿಲ್ಲ. ತಮ್ಮನ್ನು ತಾವು ರಾವುಳರು ಅಂದುಕೊಳ್ಳುವ ಜನ ಕೊಡಗಿನಲ್ಲಿ ಎರವರು, ವಯನಾಡಿನಲ್ಲಿ ಅಡಿಯರು. ಒಂದೇ ಜನ, ಒಂದೇ ಭಾಷೆ. ಎರಡು ರಾಜ್ಯದ ಕಡತಗಳಲ್ಲಿ ಎರಡು ಹೆಸರು. ತಲೆಮಾರುಗಳಿಂದ ಲೈನ್‌ಮನೆಗಳಲ್ಲಿದ್ದು ಬೇರೆಯವರ ಗದ್ದೆ, ತೋಟದಲ್ಲಿ ದುಡಿದರೂ ತಮ್ಮದು ಅನ್ನಲು ಸೆಂಟು ಜಾಗ ಇಲ್ಲದವರು ಎಷ್ಟೋ ಮಂದಿ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಅರಣ್ಯ ಭೂಮಿ ಅಂತ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತಾಗ ರಾಜ್ಯಕ್ಕೆಲ್ಲ ಇವರ ಹೆಸರು ಕೇಳಿಸಿತು, ಆಮೇಲೆ ಮರೆತೂಹೋಯಿತು. ಅರಸರ ಗೆರೆ, ಕಂಪನಿಯ ಗೆರೆ, ಅರಣ್ಯ ಇಲಾಖೆಯ ಗೆರೆ, ಯಾವುದು ಎಳೆದರೂ ಇವರು ಅದರ ಹೊರಗೇ ಉಳಿದರು.

ಹಳೆಯ ಕತೆ ಬಿಡಿ, ಈಚೆಗೂ ಹೀಗೇ. 2008ರವರೆಗೆ ಕೊಡಗು ಮಂಗಳೂರು ಲೋಕಸಭಾ ಕ್ಷೇತ್ರದಲ್ಲಿತ್ತು. ಕ್ಷೇತ್ರ ಪುನರ್ವಿಂಗಡಣೆ ಬಂದು ಮೈಸೂರಿಗೆ ಸೇರಿತು, ಮೂರಿದ್ದ ವಿಧಾನಸಭಾ ಸೀಟು ಎರಡಾಯಿತು. ಅಂದರೆ ಸಂಪಾಜೆಗಳಿಗೆ ಈಗ ಎಂಪಿಯೂ ಬೇರೆ ಬೇರೆ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಮಾಕುಟ್ಟದ ದಾರಿಗೆ ಮಣ್ಣು ಸುರಿದು ಗಡಿ ಮುಚ್ಚಿದರು. ನೂರಾರು ವರ್ಷ ಅಕ್ಕಿ, ಉಪ್ಪು, ನೆಂಟಸ್ತಿಕೆ ಓಡಾಡಿದ ದಾರಿಗೆ ಅಡ್ಡವಾಗಿ ಒಂದು ಮಣ್ಣಿನ ಗುಡ್ಡೆ.

ಇನ್ನು 2018ರ ಆಗಸ್ಟ್. ಮಕ್ಕಂದೂರು, ಮದೆನಾಡು, ಜೋಡುಪಾಲ... ಬೆಟ್ಟಗಳು ಜಾರಿ ಬಿದ್ದವು. ಮಡಿಕೇರಿ-ಸಂಪಾಜೆ ರಸ್ತೆ ಕುಸಿದು ಬಹಳ ದಿನ ಬಂದ್ ಆಗಿತ್ತು. ಜೋಡುಪಾಲದವರಿಗೆ ತಮ್ಮ ಜಿಲ್ಲಾ ಕೇಂದ್ರಕ್ಕೆ ಹೋಗಲು ದಾರಿಯೇ ಇರಲಿಲ್ಲ. ಅವರು ಕೆಳಗಿಳಿದು ಬಂದರು. ದಕ್ಷಿಣ ಕನ್ನಡದ ಕಡೆಯ ಪರಿಹಾರ ಕೇಂದ್ರಗಳಲ್ಲಿ ಉಳಿದರು. ನಮ್ಮ ಕಡೆಯ ಮನೆಗಳಿಂದ ಅಕ್ಕಿ, ಚಾಪೆ, ಬಟ್ಟೆ ಹೋಯಿತು. ನೀವು ಯಾವ ಜಿಲ್ಲೆ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಆಮೇಲೆ ಪರಿಹಾರದ ಅರ್ಜಿ, ಹೊಸ ಮನೆ, ಜಾಗದ ದಾಖಲೆ ಅಂತ ಬಂದಾಗ ಮತ್ತೆ ಘಟ್ಟ ಹತ್ತಿ ಮಡಿಕೇರಿಗೇ ಹೋಗಬೇಕಾಯಿತು. ಅದೂ ಸರಿಯೇ, ಕಡತಗಳು ಇರುವುದು ಅಲ್ಲಿ.

ಗೆರೆಗಳೇ ಬೇಡ ಅಂತ ನಾನು ಹೇಳುತ್ತಿಲ್ಲ. ಆಡಳಿತ ನಡೆಯಬೇಕಾದರೆ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಆದರೆ ಕೊಡಗಿನ ಇತಿಹಾಸ ಓದಿದಾಗ ಅನ್ನಿಸುವುದು ಇಷ್ಟು. ದೂರದ ಊರಿನ ಮೇಜಿನ ಮೇಲೆ ಎಳೆದ ಗೆರೆಗೆ ಬೆಲೆ ತೆತ್ತವರು ಯಾವಾಗಲೂ ಗೆರೆಯ ಮೇಲೆ ಮನೆ ಇದ್ದವರು. ಇವತ್ತಿಗೂ ಕೊಡಗಿನ ಇತಿಹಾಸವನ್ನು ಕೊಡಗಿನವರು ಬೇರೆ, ದಕ್ಷಿಣ ಕನ್ನಡದವರು ಬೇರೆ ಬರೆಯುತ್ತಾರೆ. 1837ರ ಕತೆ ಎರಡು ತುಂಡಾಗಿದೆ. 2011ರಲ್ಲಿ ಅರೆಭಾಷೆಗೆ ಅಕಾಡೆಮಿ ಬಂದಿದ್ದು ಈ ವಿಷಯದಲ್ಲಿ ಒಳ್ಳೆಯ ಕೆಲಸ, ಅದು ಎರಡೂ ಜಿಲ್ಲೆಯವರದ್ದು. ಎರಡೂ ಕಡೆಯ ಕಾಗದಪತ್ರ, ಎರಡೂ ಕಡೆಯ ಮನೆಮಾತು ಒಟ್ಟಿಗೆ ಸೇರಿಸಿದರೆ ಮಾತ್ರ ಈ ಕತೆ ಪೂರ್ತಿಯಾಗುತ್ತದೆ. ಹೇಳುವ ಹಿರಿಯರು ಇರುವಾಗಲೇ ಅದಾಗಬೇಕು.

ಮುಂದಿನ ಸಲ ಮಡಿಕೇರಿಗೆ ಹೋದಾಗ ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿ, ಖಂಡಿತ ನೋಡಿ. ಅದಕ್ಕೂ ಮೊದಲು ಕೋಟೆಯ ಒಳಗೆ ಒಂದೈದು ನಿಮಿಷ ನಿಲ್ಲಿ. ಘಟ್ಟದ ಕೆಳಗಿನವರ ಕಂದಾಯದ ಜಗಳಕ್ಕೆ ಜೊತೆಯಾಗಿ ಹೊರಟ ಘಟ್ಟದ ಮೇಲಿನವನೊಬ್ಬನನ್ನು ನೇಣಿಗೆ ಹಾಕಿದ್ದು ಅಲ್ಲೇ.